ಎಸರಿನ ಬಿಂದಿಗೆ

ಐದು ತಿಂಗಳ ಮಗುವಿನ ಉಚ್ಚೆ ಹಿಡಿಯುವುದು ಹೇಗೆಂದು ನಮ್ಮ ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಎಲ್ಲೂ ಇರಲಿಲ್ಲ. ಸುಸ್ಥಿರ ಅಭಿವೃದ್ಧಿಗಾಗಿ ಸಾಮಾಜಿಕ ನಾವೀನ್ಯ ಎಂಬ ಉದ್ದ ಹೆಸರಿನ ಎರಡು ವರ್ಷದ ಕೋರ್ಸು ಅದು. ಸಿದ್ಧಾಂತ ಕಲಿಸಿದ್ದರು, ಊರಿನ ನಕ್ಷೆ ಬರೆಯುವುದನ್ನು ಕಲಿಸಿದ್ದರು, ಬಣ್ಣಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿ ಸಮಸ್ಯೆಯ ಬೇರು ಹುಡುಕುವುದನ್ನೂ ಕಲಿಸಿದ್ದರು. ಬೆಳಗ್ಗೆ ಆರೂವರೆಗೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದು, ಯಾರದೋ ಮನೆಯ ಜಗಲಿಯ ಮೇಲೆ ಕೂತು, ಮಗುವಿನ ಮುಂದೆ ‘ಉಸ್ಸ್’ ಎನ್ನುತ್ತಿರಬೇಕಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮೂರು ದಿನ ಆ ಮಗು ನನ್ನನ್ನು ನೋಡಿ ನಗುತ್ತಿತ್ತೇ ಹೊರತು ಕೆಲಸ ಮುಗಿಸಿಕೊಡಲಿಲ್ಲ. ನಾಲ್ಕನೇ ದಿನ ಡಬ್ಬಿಗೆ ಅರ್ಧ, ನನ್ನ ಸೀರೆಗೆ ಅರ್ಧ ಹೊಯ್ದಿತು. ಡಬ್ಬಿಯ ಅರ್ಧ ನನಗೆ ಸಾಕಾಗಿತ್ತು.

ಊರು ಪಾವಗಡದಿಂದಾಚೆ, ಆಂಧ್ರದ ಗಡಿಗೆ ಹತ್ತಿರ. ಹೆಸರು ಬೇಡ. ಬಸ್ಸಿನ ಬಲಗಡೆ ಕೂತರೆ ಸೋಲಾರ್ ಹಲಗೆಗಳು ಕಣ್ಣು ಕುಕ್ಕುವಷ್ಟು ದೂರ ಕಾಣುತ್ತವೆ, ಅದಾದ ಮೇಲಿನ ಊರುಗಳಲ್ಲೊಂದು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ತಿಕ್ಕಿದರೆ ಹೋಗುವ ಕಲೆಯಲ್ಲ ಅದು, ವಸಡಿನ ಒಳಗೆ ಹಲ್ಲು ರೂಪುಗೊಳ್ಳುವಾಗಲೇ ಸೇರಿಕೊಳ್ಳುವ ಕಲೆ. ನನಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ಬಡವನಹಳ್ಳಿ ಕಡೆಯ ಬೋರ್ ನೀರು ಕುಡಿದು ಬೆಳೆದವಳು ನಾನು. ಮುಂದಿನ ಎರಡು ಹಲ್ಲಿನ ಮೇಲೆ ಕಾಫಿ ಬಣ್ಣದ ಗೆರೆಗಳಿವೆ. ಮದುವೆಯ ಫೋಟೊಗಳಲ್ಲಿಯೂ ತುಟಿ ಬಿಗಿದುಕೊಂಡು ನಿಂತಿದ್ದೇನೆ. ನೋಡಿದವರು ಹುಡುಗಿಗೆ ಗರ್ವ ಅಂದುಕೊಂಡರು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು ರಜೆ ಹಾಕಿ ಓದಲು ಹೋಗಿದ್ದೆ. ಸಹಪಾಠಿಗಳೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ಅವರು ಆ್ಯಪು, ವೆಬ್‌ಸೈಟು ಅಂತ ಹೊರಟಾಗ ನಾನು ಈ ಊರಿನ ಕೆಟ್ಟು ನಿಂತ ಶುದ್ಧ ನೀರಿನ ಘಟಕವನ್ನು ಆರಿಸಿಕೊಂಡೆ. ಘಟಕ ಸರಿಹೋದರೆ ಮಕ್ಕಳ ದೇಹದಲ್ಲಿ ಫ್ಲೋರೈಡ್ ಇಳಿಯುತ್ತದೆ, ಇಳಿದಿದ್ದನ್ನು ಮೂತ್ರ ಪರೀಕ್ಷೆಯಿಂದ ತೋರಿಸುತ್ತೇನೆ, ಪದವಿ ತೆಗೆದುಕೊಂಡು ಮನೆಗೆ ಹೋಗುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ.

ಊರಿನಲ್ಲಿ ನನಗೆ ಮೊದಲು ಬಾಗಿಲು ತೆರೆದವರು ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ನನ್ನ ಸೀರೆ ನೆನೆಸಿದ ಮಗು ಇವರ ಎರಡನೆಯದು. ಮೊದಲನೆಯವಳಿಗೆ ಹನ್ನೊಂದು ವರ್ಷ. ಚೂಟಿ ಹುಡುಗಿ, ಆದರೆ ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಆ ಕೈ ನನಗೆ ಚೆನ್ನಾಗಿ ಗೊತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಆಕೆ ಒಂದೇ ಪ್ರಶ್ನೆ ಕೇಳಿದರು, ಈ ಮಗುವಿನ ಹಲ್ಲೂ ಹಾಗೇ ಆಗುತ್ತದಾ ಎಂದು. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲುಗಳು ಈಗಲೇ ವಸಡಿನೊಳಗೆ ತಯಾರಾಗುತ್ತಿರುತ್ತವೆ, ಇನ್ನು ಎರಡು ಮೂರು ವರ್ಷ ಒಳ್ಳೆಯ ನೀರು ಸಿಕ್ಕರೆ ಬೆಳ್ಳಗೇ ಬರುತ್ತವೆ ಎಂದು ಹೇಳಿದೆ.

“ದೊಡ್ಡೋಳ್ದು ಆಗಿದ್ದಾಗೋಯ್ತು ಮೇಡಂ. ಇವಳ್ದಾದ್ರೂ ಬೆಳ್ಳಗಿರಂಗೆ ಮಾಡ್ಕೊಡಿ,” ಎಂದರು.

ಮಾಡಿಕೊಡುತ್ತೇನೆ ಎಂದುಬಿಟ್ಟೆ. ಸಂಶೋಧನೆ ಮಾಡುವವರು ಹಾಗೆಲ್ಲ ಮಾತು ಕೊಡಬಾರದು ಎಂದು ಒಂದು ಇಡೀ ತರಗತಿಯಲ್ಲಿ ನಮಗೆ ಪಾಠವಾಗಿತ್ತು. ನಾನು ಆ ದಿನ ಹಾಜರಿದ್ದೆ ಕೂಡ.

ಇಪ್ಪತ್ತು ಮಕ್ಕಳ ಮೊದಲ ಸುತ್ತಿನ ಮಾದರಿಗಳನ್ನು ಸಂಗ್ರಹಿಸಿದೆ. ಫ್ಲೋರೈಡ್ ಗಾಜಿಗೆ ಅಂಟಿಕೊಳ್ಳುವುದರಿಂದ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು. ಬೆಳಗಿನ ಮೊದಲ ಮೂತ್ರ, ಮೇಲೆ ಸಂಖ್ಯೆ, ಐಸ್ ಪೆಟ್ಟಿಗೆ, ಮೊದಲ ಬಸ್ಸು. ಮಧುಗಿರಿಯಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿನವರು ಪೆಟ್ಟಿಗೆಯಲ್ಲೇನು ಮೀನಾ ಎಂದು ಕೇಳಿದರು, ಹೌದು ಎಂದೆ. ಸಂಜೆಯೊಳಗೆ ವಿಭಾಗದ ಪ್ರಯೋಗಾಲಯಕ್ಕೆ ತಲುಪಿಸಿದೆ.

ಆಮೇಲೆ ಘಟಕದ ಕೆಲಸ. ಅದರ ಕೀಲಿ ಊರಿನ ನೀರುಗಂಟಿಯ ಹತ್ತಿರ ಇತ್ತು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬೋರ್ ಮೋಟರ್ ಹಾಕುವುದು, ಆ ನೀರನ್ನು ಬೀದಿಯ ಸಿಮೆಂಟ್ ತೊಟ್ಟಿಗೆ, ಊರಿನವರ ಮಾತಲ್ಲಿ ತೊಂಬೆಗೆ, ತುಂಬಿಸುವುದು, ಬೀದಿ ನಲ್ಲಿಗಳಿಗೆ ನೀರು ಬಿಡುವುದು ಎಲ್ಲವೂ ಆತನದೇ. ಸಿರಾದಿಂದ ಬಂದ ಮೆಕ್ಯಾನಿಕ್ ಯಂತ್ರ ಬಿಚ್ಚಿ, ಒಳಗಿನ ಸುರುಳಿ ಪೊರೆಯನ್ನು ಮೂಸಿ ನೋಡಿ, “ಮೆಂಬ್ರೇನ್ ಖರಾಬ್ ಆಗಿಲ್ಲ ಮೇಡಂ, ಉಪ್ಪು ಕಟ್ಕೊಂಡದೆ ಅಷ್ಟೇ,” ಎಂದ. ಆಮ್ಲದ ದ್ರಾವಣ ಹಾಯಿಸಿ ಎರಡು ದಿನ ತೊಳೆದೆವು. ಮರಳಿನ ಫಿಲ್ಟರನ್ನು ದಿನಕ್ಕೊಮ್ಮೆ ಹಿಮ್ಮುಖವಾಗಿ ತೊಳೆಯದೆ ಬಿಟ್ಟಿದ್ದೇ ಮೂಲ ತೊಂದರೆ. ನೀರುಗಂಟಿಗೆ ಕಲಿಸಿದೆ. ಆತ ಒಂದೇ ಸಲಕ್ಕೆ ಕಲಿತ. ಘಟಕ ನಡೆಯಿತು. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ ಗಂಡಸರು ಬೈಕಿನ ಮೇಲೆ ಕ್ಯಾನು ಇಟ್ಟುಕೊಂಡು ಸಾಲುಗಟ್ಟುತ್ತಿದ್ದರು. ಆ ಸಾಲಿನ ಫೋಟೊ ತೆಗೆದು ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೂರು ತಿಂಗಳ ಮೇಲೆ ಎರಡನೇ ಸುತ್ತಿನ ಮಾದರಿ ತೆಗೆದೆ. ಫಲಿತಾಂಶದ ಹಾಳೆ ಕೈಗೆ ಬಂದಾಗ ಮೊದಲನೇ ಹಾಳೆಯನ್ನೇ ಮತ್ತೆ ಕೊಟ್ಟಿದ್ದಾರೆ ಅಂದುಕೊಂಡೆ. ಹತ್ತೊಂಬತ್ತು ಮಕ್ಕಳಲ್ಲಿ ಫ್ಲೋರೈಡ್ ಕೂದಲೆಳೆಯಷ್ಟು ಇಳಿದಿತ್ತು. ಒಂದೇ ಒಂದು ಮಗುವಿನಲ್ಲಿ ದೊಡ್ಡ ಬದಲಾವಣೆಯಾಗಿತ್ತು, ಏರಿತ್ತು. ನಾನು ಮಾತು ಕೊಟ್ಟ ಮಗು ಅದು.

ಮಾರ್ಗದರ್ಶಕರು ಒಳ್ಳೆಯವರು, ಆದರೆ ಬೆಣ್ಣೆ ಹಚ್ಚಿ ಮಾತಾಡುವವರಲ್ಲ. ನೀವು ಯಂತ್ರ ರಿಪೇರಿ ಮಾಡಿದ್ದೀರಿ, ಆ ಸುದ್ದಿ ಮಕ್ಕಳ ದೇಹಕ್ಕೆ ಇನ್ನೂ ತಲುಪಿಲ್ಲ ಎಂದರು. ಪ್ರಬಂಧ ಒಪ್ಪಿಸಲು ಇನ್ನು ಮೂರು ತಿಂಗಳಿತ್ತು. ಅಷ್ಟರಲ್ಲಿ ಇಳಿಕೆ ಕಾಣದಿದ್ದರೆ ಒಂದು ವರ್ಷ ಮತ್ತೆ ಮಾಡಬೇಕು, ನನ್ನ ರಜೆ ಅಲ್ಲಿಯವರೆಗೆ ಇರಲಿಲ್ಲ. ಪದವಿ ಹೋದರೆ ಹೋಗಲಿ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಬಿಸಿಯೂಟದ ಹೆಂಗಸಿಗೆ ಏನು ಹೇಳುವುದು ಎಂಬುದು ಮಾತ್ರ ತಲೆಯಿಂದ ಹೋಗಲಿಲ್ಲ. ಆಕೆ ಮಗುವಿಗೆ ಫಿಲ್ಟರ್ ನೀರನ್ನೇ ಕುದಿಸಿ ಆರಿಸಿ ಕುಡಿಸುತ್ತಿದ್ದರು, ನಾನೇ ಕಣ್ಣಾರೆ ನೋಡಿದ್ದೆ.

ಹಾಗಾದರೆ ಫಿಲ್ಟರ್ ನೀರೇ ಸರಿಯಿಲ್ಲ ಎಂದು ನನ್ನ ಬುದ್ಧಿಗೆ ಹೊಳೆಯಿತು. ಕ್ಯಾನಿನ ಸಾಲು ಉದ್ದವಾದಾಗ ನೀರುಗಂಟಿ ಟ್ಯಾಂಕಿಗೆ ಬೋರ್ ನೀರು ಬೆರೆಸುತ್ತಿರಬೇಕು. ನಮ್ಮ ಮೇಷ್ಟರುಗಳ ಕೆಟ್ಟ ಚಾಳಿ ಇದು, ತರಗತಿಯಲ್ಲಿ ಸದ್ದಾದರೆ ಯಾರು ಸುಮ್ಮನಿರುತ್ತಾನೋ ಅವನ ಮೇಲೆಯೇ ಅನುಮಾನ. ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ, ಸಾಲಿನಲ್ಲಿದ್ದ ಅಷ್ಟೂ ಜನರ ಎದುರು, ಬೋರ್ ನೀರು ಬೆರೆಸಿದ್ದೀರಾ ಎಂದು ಕೇಳಿದೆ.

ಆತ ನಲ್ಲಿ ನಿಲ್ಲಿಸಿದ. ಜೇಬಿನಿಂದ ಕೀಲಿ ತೆಗೆದು ಕಟ್ಟೆಯ ಮೇಲೆ ಇಟ್ಟ.

“ನನ್ ಮೊಮ್ಮಕ್ಕಳೂ ಇದೇ ನೀರು ಕುಡೀತವೆ ಮೇಡಂ. ನೀವೇ ನಡೆಸ್ಕಳಿ ಬುಡಿ,” ಎಂದು ಹೇಳಿ ನಡೆದೇಬಿಟ್ಟ.

ಅಲ್ಲೇ ನಿಂತು ಪರೀಕ್ಷೆ ಮಾಡಿದೆ. ನಮ್ಮ ಕಿಟ್ಟಿನಲ್ಲಿ ಒಂದು ಕೆಂಪು ದ್ರಾವಣವಿರುತ್ತದೆ. ಅದರ ಹನಿ ಹಾಕಿದಾಗ ನೀರು ಗುಲಾಬಿಯಾಗಿಯೇ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ನೀರು ಅಪ್ಪಟ ಗುಲಾಬಿಯಾಗಿ ನಿಂತಿತು. ಸಾಲಿನಲ್ಲಿದ್ದವರು ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿದರು.

ಎರಡು ದಿನ ಘಟಕ ನಾನೇ ನಡೆಸಿದೆ. ಮೊದಲ ದಿನ ಫಿಲ್ಟರ್ ತೊಳೆಯುವಾಗ ವಾಲ್ವು ತಪ್ಪು ತಿರುಗಿಸಿ ಕೆಸರು ನೀರಿನಲ್ಲಿ ಮಿಂದೆ. ಎರಡನೇ ದಿನ ಪಂಪಿಗೆ ಗಾಳಿ ಹಿಡಿದು ನೀರೇ ಏರಲಿಲ್ಲ. ಜನ ಖಾಲಿ ಕ್ಯಾನು ತೆಗೆದುಕೊಂಡು ವಾಪಸ್ಸಾದರು. ಮೂರನೇ ದಿನ ಬಿಸಿಯೂಟದ ಹೆಂಗಸಿನ ಮನೆಗೆ ಹೋದೆ. ನೀರುಗಂಟಿ ಆಕೆಗೆ ದೊಡ್ಡಪ್ಪನಾಗಬೇಕು, ಆಕೆಯ ಕೈಲಿ ಹೇಳಿಸಿದರೆ ಬರುತ್ತಾರೇನೋ ಎಂಬ ಆಸೆ.

ಆಕೆ ಒಲೆಯ ಮುಂದೆ ಇದ್ದರು. ಮೊದಲ ಸುತ್ತಿನಲ್ಲಿ ಬರೀ ಎದೆಹಾಲಿನ ಮೇಲಿದ್ದ ಮಗುವಿಗೆ ಈಗ ಎಂಟು ತಿಂಗಳಾಗಿತ್ತು, ರಾಗಿ ಸರಿ ಶುರುಮಾಡಿ ಎರಡು ತಿಂಗಳಾಗಿತ್ತು. ಬಟ್ಟೆಯಲ್ಲಿ ಸೋಸಿದ ರಾಗಿಯ ಹಾಲಿಗೆ ಒಂದು ಕೊಡದಿಂದ ಎರಡು ಲೋಟ ನೀರು ಬಗ್ಗಿಸಿ ಪಾತ್ರೆಗೆ ಹಾಕಿ ಕದಡತೊಡಗಿದರು. ನಾನು ನೀರುಗಂಟಿಯ ವಿಷಯ ಹೇಗೆ ಎತ್ತುವುದು ಎಂದು ಯೋಚಿಸುತ್ತ ನೋಡುತ್ತಿದ್ದೆ. ಸರಿ ಗಟ್ಟಿಯಾಯಿತು, ಇನ್ನೊಂದು ಲೋಟ ಹಾಕಿದರು. ಫಿಲ್ಟರ್ ಕ್ಯಾನು ಪಕ್ಕದಲ್ಲಿ ಸ್ಟೂಲಿನ ಮೇಲಿತ್ತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ಲೋಟ ಬೋರಲು ಹಾಕಿತ್ತು. ಕೊಡದ್ದು ಯಾವ ನೀರು ಎಂದು ಕೇಳಿದೆ. ತೊಂಬೇದು ಎಂದರು. ಕ್ಯಾನಿನ ನೀರು ಯಾಕೆ ಹಾಕಲಿಲ್ಲ ಎಂದೆ.

“ಅದು ಕುಡಿಯಾಕಲ್ವಾ ಮೇಡಂ? ಅದ್ನ ಅಡ್ಗೆಗೆ ಸುರಿದ್ಬುಟ್ರೆ ಕುಡಿಯಾಕೆ ಏನ್ ಮಾಡಾನ? ನಮ್ಮನೆಯವ್ರು ಕ್ಯಾನ್ ತರಾದೇ ಎರಡು ದಿನಕ್ಕೊಂದು ಸಲ.”

ಚೀಲದಿಂದ ಕಿಟ್ ತೆಗೆದು ಕೊಡದ ನೀರಿಗೆ ಹನಿ ಹಾಕಿದೆ, ಹಳದಿ. ಆಚೆ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದರು, ಕೊತಕೊತ ಕುದಿದು ಅರ್ಧ ಇಂಗಿದ್ದ ನೀರು. ಅದನ್ನು ಒಂದು ಚಮಚ ಆರಿಸಿ ಹನಿ ಹಾಕಿದೆ, ಅರಿಶಿನದ ಹಾಗೆ ಹಳದಿ. ನೀರು ಆವಿಯಾಗುತ್ತದೆ, ಫ್ಲೋರೈಡ್ ಆಗುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ನಾನೇ ಇದನ್ನು ಪಾಠ ಮಾಡಿದ್ದೇನೆ. ಮುದ್ದೆ ಎಂದರೆ ಮುಕ್ಕಾಲು ಪಾಲು ನೀರು. ಸಾರು ನೀರು, ಅಂಬಲಿ ನೀರು, ಮಗುವಿನ ಸರಿ ನೀರು. ಈ ಜನ ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಉಣ್ಣುತ್ತಾರೆ.

ನನ್ನ ಸಮೀಕ್ಷೆಯ ನಮೂನೆಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಕುಡಿಯುವ ನೀರು ಎಲ್ಲಿಂದ, ಎಷ್ಟು, ಯಾರು ತರುತ್ತಾರೆ, ಯಾವುದರಲ್ಲಿ ಇಡುತ್ತೀರಿ, ಎಲ್ಲ ಕೇಳಿದ್ದೆ. ಎಸರಿಗೆ ಯಾವ ನೀರು ಎಂದು ಒಂದು ಕಡೆಯೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ದಿನಕ್ಕೆರಡು ಹೊತ್ತು ಮುದ್ದೆ ಉಂಡವಳು ನಾನು. ಹೊರಗಿನಿಂದ ಬಂದವರಾರಾದರೂ ಈ ತಪ್ಪು ಮಾಡಿದ್ದರೆ ಒಂದು ವಾರ ಆಡಿಕೊಂಡು ನಗುತ್ತಿದ್ದೆ. ನಾಚಿಕೆಯಿಂದ ಅಳುವೇ ಬಂತು. ಆಕೆ ಹೊಗೆ ಅಂದುಕೊಂಡು ಕಿಟಕಿ ತೆಗೆದರು.

ಆ ಸರಿಯನ್ನು ಆಚೆ ಸುರಿಸಿ, ಕ್ಯಾನಿನ ನೀರಲ್ಲಿ ಬೇರೆ ಮಾಡಿಸಿದೆ. ಆದರೆ ಒಂದು ಮನೆಯ ಒಂದು ಹೊತ್ತಿನದಲ್ಲ ಇದು. ಹಳೆಯ ಯೋಜನೆಯ ಪ್ರಕಾರ ಇನ್ನು ಜಾಗೃತಿ ಶಿಬಿರ ಮಾಡಬೇಕಿತ್ತು, ಭಿತ್ತಿಚಿತ್ರಗಳು ಮುದ್ರಣವಾಗಿ ಬಂದು ಮೂಲೆಯಲ್ಲಿದ್ದವು. ಫ್ಲೋರೈಡ್ ಎಂದರೇನು, ಮೂಳೆಗೇನಾಗುತ್ತದೆ, ಎಲ್ಲ ಬಣ್ಣದಲ್ಲಿ. ಅವುಗಳನ್ನು ಅಲ್ಲೇ ಬಿಟ್ಟು ಮಾರ್ಗದರ್ಶಕರಿಗೆ ಫೋನ್ ಮಾಡಿದೆ, ಇಡೀ ಯೋಜನೆ ಬದಲಾಯಿಸುತ್ತೇನೆ, ಅಡುಗೆಮನೆಯಿಂದ ಶುರುಮಾಡುತ್ತೇನೆ ಎಂದೆ. ಇದ್ದ ಯೋಜನೆ ಪೂರ್ತಿ ಮಾಡಿದರೆ ಕನಿಷ್ಠ ವರದಿಯಾದರೂ ಇರುತ್ತದೆ, ಇದು ಕೈಗೂಡದಿದ್ದರೆ ನಿಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ ಎಂದು ಅವರು ಎಚ್ಚರಿಸಿದರು. ಗೊತ್ತು ಸರ್ ಎಂದೆ. ಹಾಗಾದರೆ ಮಾಡಿ ಎಂದರು.

ಮೊದಲ ಅಡ್ಡಿ ಬಿಸಿಯೂಟದ ಹೆಂಗಸಿನ ಅತ್ತೆ. ಊರಿನ ಹೆಂಗಸರ ನಾಲಿಗೆಗೆ ಅವರೇ ಪ್ರಮಾಣ, ಯಾವ ಮನೆಯ ಸಾರಿಗೆ ಉಪ್ಪು ಕಡಿಮೆ ಎಂದು ಬೀದಿಯಲ್ಲೇ ಹೇಳುವವರು. ಆ ಕಡೆಯವರಂತೆ ಮುದ್ದೆಗೆ ಸಂಗಟಿ ಎನ್ನುವರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಯುವರು. ಫಿಲ್ಟರ್ ನೀರಲ್ಲಿ ಎಸರಿಡಿ ಎಂದಾಗ ಮೂತಿ ಸೊಟ್ಟ ಮಾಡಿ, “ಆ ನೀಳ್ಳು ಸಪ್ಪಗಾ ಉಂಡಾಯಿ. ಸಂಗಟಿ ಬಾಯಿಗೆ ಹತ್ತಲ್ಲ ಕಣಮ್ಮ,” ಎಂದರು. ಆ ನೀರು ಸಪ್ಪೆ ಎಂದು ಅವರೇ ಹೇಳಿದ ಮೇಲೆ ಬೀದಿಯಲ್ಲಿ ಬೇರೆ ಯಾರೂ ಒಪ್ಪುವ ಹಾಗಿರಲಿಲ್ಲ.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಪ್ರಯೋಗ. ಭಾನುವಾರ ಶಾಲೆಯ ಅಡುಗೆಕೋಣೆಯನ್ನು ಕೇಳಿ ಪಡೆದೆ. ಒಂದೇ ಅಳತೆಯ ಎರಡು ಪಾತ್ರೆ, ಸೇರಿನಲ್ಲಿ ಅಳೆದ ಒಂದೇ ಚೀಲದ ತೊಗರಿಬೇಳೆ, ಒಂದಕ್ಕೆ ತೊಂಬೆ ನೀರು, ಒಂದಕ್ಕೆ ಫಿಲ್ಟರ್ ನೀರು. ಒಲೆಯಿಂದ ವ್ಯತ್ಯಾಸ ಆಗದಿರಲೆಂದು ಹತ್ತು ನಿಮಿಷಕ್ಕೊಮ್ಮೆ ಪಾತ್ರೆಗಳನ್ನು ಅದಲುಬದಲು ಮಾಡಿದೆ. ಸುದ್ದಿ ಹಬ್ಬಿ ಹೆಂಗಸರು ಬಾಗಿಲಲ್ಲಿ ನಿಂತರು. ಫಿಲ್ಟರ್ ನೀರಿನ ಬೇಳೆ ಬೆಂದು ಕರಗಿ ಹೋದಾಗ ತೊಂಬೆ ನೀರಿನ ಬೇಳೆ ಇನ್ನೂ ಪಾತ್ರೆಯ ತಳಕ್ಕೆ ಟಣಟಣ ಬಡಿಯುತ್ತಿತ್ತು. ಗಡಸು ನೀರಿನಲ್ಲಿ ಬೇಳೆ ಬೇಯುವುದು ನಿಧಾನ ಎಂಬುದು ನನ್ನ ಪಠ್ಯಪುಸ್ತಕದಲ್ಲಿದೆ. ಅವರ ಪುಸ್ತಕದಲ್ಲಿ ಅದಕ್ಕೆ ಇನ್ನೊಂದು ಹೆಸರು, ಸೌದೆ ಗ್ಯಾಸಿನ ಉಳಿತಾಯ. ಬಾಗಿಲಲ್ಲಿ ಗುಸುಗುಸು ಶುರುವಾಯಿತು.

ಆಮೇಲೆ ಮುದ್ದೆ. ಬಿಸಿಯೂಟದ ಹೆಂಗಸು ಎರಡು ಎಸರಿಟ್ಟು, ಒಂದೇ ಹಿಟ್ಟಿನಿಂದ, ಒಂದೇ ಕೋಲಿನಿಂದ ತೊಳಸಿ ಎರಡು ಮುದ್ದೆ ಕಟ್ಟಿದರು. ತಟ್ಟೆಗಳ ತಳದಲ್ಲಿ ನಾನು ಸೀಮೆಸುಣ್ಣದಿಂದ ಗುರುತು ಹಾಕಿದ್ದೆ. ಅತ್ತೆ ಚಕ್ಕಳಮಕ್ಕಳ ಹಾಕಿ ಕೂತು ಎಡಗಡೆಯದನ್ನು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಬಲಗಡೆಯದನ್ನು ನುಂಗಿದರು. ಮತ್ತೆ ಎಡಗಡೆಯದು. ಕೊನೆಗೆ ಎಡಗಡೆಯ ತಟ್ಟೆ ತಟ್ಟಿ, “ಇದಿ ಮನ ನೀಳ್ಳ ಸಂಗಟಿ,” ಎಂದರು. ಇದು ನಮ್ಮ ನೀರಿನ ಮುದ್ದೆ ಎಂದು ತೀರ್ಪು.

ತಟ್ಟೆ ಎತ್ತಿ ಗುರುತು ತೋರಿಸಿದೆ. ಫಿಲ್ಟರ್ ನೀರಿನದು.

ನಗು ಎದ್ದಿತು ನೋಡಿ, ಶಾಲೆಯ ಹೆಂಚು ಹಾರಿಹೋಗುವಷ್ಟು. ಅತ್ತೆ ಮಾತ್ರ ಸ್ವಲ್ಪವೂ ಅಲುಗದೆ, ತೊಳಸಿದ್ದು ತಮ್ಮ ಸೊಸೆಯಲ್ಲವೇ, ಯಾವ ನೀರಾದರೂ ರುಚಿಯಾಗಿಯೇ ಇರುತ್ತದೆ ಎಂದು ಹೇಳಿ ಎರಡೂ ಮುದ್ದೆ ಪೂರ್ತಿ ಉಂಡು ಎದ್ದರು. ಆವತ್ತಿನಿಂದ ಅವರು ನನ್ನ ಪಕ್ಷ.

ಗೆದ್ದೆ ಅಂದುಕೊಂಡೆ, ಮುಗಿದಿರಲಿಲ್ಲ. ಅಡುಗೆಗೂ ಸಾಲುವಷ್ಟು ನೀರನ್ನು ಮನೆಗೆ ತರುವವರು ಯಾರು? ಕ್ಯಾನು ಗಂಡಸರ ಬೈಕಿನದು. ಅಡುಗೆ ಶುರುವಾಗುವುದು ಏಳಕ್ಕೆ, ಘಟಕ ತೆರೆಯುವುದು ಒಂಬತ್ತಕ್ಕೆ. ನಾನು ಕೋರ್ಸಿನಲ್ಲಿ ಕಲಿತಂತೆ ಸಮಿತಿ ಮಾಡಿದೆ, ಸರದಿ ಪಟ್ಟಿ ಬರೆದು ಘಟಕದ ಗೋಡೆಗೆ ಅಂಟಿಸಿದೆ, ಯಾವ ಬೀದಿಗೆ ಯಾವ ಹೊತ್ತು ಎಂದು. ನಾಲ್ಕು ದಿನ ಒಬ್ಬರೂ ಪಟ್ಟಿಯಂತೆ ಬರಲಿಲ್ಲ. ಐದನೇ ದಿನ ಮೇಕೆಯೊಂದು ಪಟ್ಟಿಯ ಕೆಳಗಿನ ಅರ್ಧ ತಿಂದುಹಾಕಿತ್ತು. ನನ್ನ ಸರದಿ ಪಟ್ಟಿಯಿಂದ ಊರಿನಲ್ಲಿ ಪ್ರಯೋಜನ ಪಡೆದದ್ದು ಅದೊಂದೇ.

ಆ ದಿನ ಬೆಳಗ್ಗೆ ಬೇಸರದಿಂದ ಘಟಕದ ಕಟ್ಟೆಯ ಮೇಲೆ ಕೂತಿದ್ದೆ. ಎದುರಿಗೇ ಹಾಲಿನ ಡೇರಿ. ಆರೂವರೆಗೆ ಅದರ ಬಾಗಿಲು ತೆರೆಯುವಷ್ಟರಲ್ಲಿ ಹೆಂಗಸರೆಲ್ಲ ಸಣ್ಣ ಕ್ಯಾನು ಹಿಡಿದು ಬಂದು, ಯಾರೂ ಹೇಳದೆ ಸಾಲಾಗಿ ನಿಂತು, ಹಾಲು ಹಾಕಿ, ಒಂದು ಕೈ ಬೀಸಿಕೊಂಡು ಮನೆಗೆ ಹೋಗುತ್ತಿದ್ದರು. ಮನೆಗೆ ಹೋಗಿ ಮಾಡುವ ಮೊದಲ ಕೆಲಸ ಎಸರಿಡುವುದು. ಅತ್ತೆಯೂ ಹಾಲು ಹಾಕಿ ಬಂದು ನನ್ನ ಪಕ್ಕ ಕೂತರು. ಪಟ್ಟಿ ಹರಿದಿದ್ದನ್ನು ನೋಡಿ, “ಡೇರಿ ತೆಗೆದಾಗ ನೀರೂ ತೆಗೀರಮ್ಮ. ಬರಾವಾಗ ಹಾಲು, ಹೋಗಾವಾಗ ನೀರು. ಇದ್ಕೆ ಪೇಪರ್ ಯಾಕೆ?” ಎಂದರು.

ಇದನ್ನು ನಾನು ಮೂರು ತಿಂಗಳು ದಿನಾ ನೋಡಿದ್ದೆ. ನೋಡಿದ್ದೆ ಅಷ್ಟೇ.

ಆರೂವರೆಗೆ ಘಟಕ ತೆರೆಯಬೇಕೆಂದರೆ ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿರಬೇಕು. ಅದನ್ನು ತಪ್ಪದೆ ಮಾಡಬಲ್ಲವರು ಒಬ್ಬರೇ. ತಪ್ಪು ಹೊರಿಸಿದ್ದು ಹತ್ತು ಜನರ ಎದುರು, ಕ್ಷಮೆಯನ್ನು ಮೂಲೆಯಲ್ಲಿ ಕೇಳಿದರೆ ಅದು ಕ್ಷಮೆಯಾಗುವುದಿಲ್ಲ. ಮಾರನೇ ದಿನ ನೀರುಗಂಟಿ ಡೇರಿಗೆ ಹಾಲು ಹಾಕಲು ಬಂದಾಗ ಸಾಲಿನ ಮುಂದೆ ನಿಂತು ಕೈಮುಗಿದೆ. ಅಣ್ಣ, ನಾನು ಅಂದದ್ದು ತಪ್ಪು, ನೀರು ಸರಿಯಾಗಿಯೇ ಇತ್ತು, ನನ್ನ ಪ್ರಶ್ನೆಯೇ ಸರಿಯಿರಲಿಲ್ಲ ಎಂದೆ. ಆತ ಮೊದಲು ಹಾಲು ಅಳೆಸಿದ. ಖಾಲಿ ಕ್ಯಾನಿನ ಮುಚ್ಚಳ ಹಾಕಿ, ಕೈ ಮುಂದೆ ಚಾಚಿದ.

“ಕೀ ಕೊಡಿ ಮೇಡಂ. ಹಾಲು ಹಾಕಾಕೆ ಹೆಂಗೂ ಬತ್ತೀನಿ.”

ಸಿರಾದ ಮೆಕ್ಯಾನಿಕ್ ಬಂದು ಡೇರಿಯ ಕಡೆಯ ಗೋಡೆಗೆ ಬಿಂದಿಗೆ ಹಿಡಿಸುವ ಎತ್ತರಕ್ಕೆ ಇನ್ನೊಂದು ನಲ್ಲಿ ಕೂರಿಸಿದ. ಉಳಿದದ್ದನ್ನು ಅತ್ತೆ ವಹಿಸಿಕೊಂಡರು. ತೊಂಬೆ ನೀರಿನ ಕೊಡದಲ್ಲೇ ಇದನ್ನೂ ತಂದರೆ ಬೆರಕೆಯಾಗುತ್ತದೆ, ಪೂಜೆಗೆ ಬೇರೆ ಚೊಂಬು ಇಡುವುದಿಲ್ಲವೇ, ಎಸರಿಗೂ ಬೇರೆ ಬಿಂದಿಗೆ ಇರಲಿ ಎಂದು ತಮ್ಮ ಮನೆಯ ಸ್ಟೀಲ್ ಬಿಂದಿಗೆಯ ಕೊರಳಿಗೆ ಅರಿಶಿನದ ದಾರ ಕಟ್ಟಿದರು. ವಾರದಲ್ಲಿ ಬೀದಿಗೆ ಬೀದಿಯೇ ಕಟ್ಟಿತು. ದಾರ ಕಟ್ಟಿದ ಬಿಂದಿಗೆಯನ್ನು ತೊಂಬೆಯ ಹತ್ತಿರ ಒಯ್ದವರಿಗೆ ಅತ್ತೆಯಿಂದ ತೆಲುಗಿನಲ್ಲಿ ಮಂಗಳಾರತಿ. ನನ್ನ ಭಿತ್ತಿಚಿತ್ರಗಳಿಗಿಂತ ಆ ಬೈಗುಳ ಹೆಚ್ಚು ದೂರ ಹೋಯಿತು. ನಾನು ಮಾಡಿದ್ದು ಒಂದೇ, ಮನೆಮನೆಗೆ ಹೋಗಿ ಎರಡು ಹೊತ್ತಿನ ಮುದ್ದೆ, ಸಾರು, ಅನ್ನ, ಮಗುವಿದ್ದರೆ ಸರಿ, ಎಲ್ಲಕ್ಕೂ ಎಷ್ಟು ಲೋಟ ನೀರು ಬೇಕೆಂದು ಅಳೆದು ನೋಡಿದೆ. ಸಣ್ಣ ಮನೆಗಳಿಗೆ ಬೆಳಗಿನದೊಂದು ಬಿಂದಿಗೆ ಸಾಕಾಗುತ್ತಿತ್ತು, ದೊಡ್ಡ ಮನೆಯವರು ಸಂಜೆಯ ಹಾಲಿನ ಹೊತ್ತಿಗೆ ಇನ್ನೊಂದು ಒಯ್ಯುತ್ತಿದ್ದರು.

ಆರು ವಾರ ಬಿಟ್ಟು ಮೂರನೇ ಸುತ್ತಿನ ಡಬ್ಬಿಗಳನ್ನು ಹಿಡಿದು ಹೊರಟೆ. ಮಗುವಿಗೆ ಆಗ ಹನ್ನೊಂದು ತಿಂಗಳು ನಡೆಯುತ್ತಿತ್ತು, ಗೋಡೆ ಹಿಡಿದು ನಿಲ್ಲುತ್ತಿತ್ತು, ಡಬ್ಬಿ ನೋಡಿದ ಕೂಡಲೇ ಕೆಲಸ ಮುಗಿಸಿಕೊಟ್ಟಿತು. ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ ಅವತ್ತು ಕೂತಷ್ಟು ಹೊತ್ತು ನನ್ನ ಹೆರಿಗೆಯ ದಿನವೂ ಕಾದಿರಲಿಲ್ಲ. ಹಾಳೆ ತಂದು ಕೊಟ್ಟವರು ಮಾರ್ಗದರ್ಶಕರೇ. ಅವರು ಆ ಮಗುವಿನ ಇಪ್ಪತ್ತನೇ ಸಾಲಿನ ಮೇಲೆ ಬೆರಳಿಟ್ಟರು. ಇಪ್ಪತ್ತೂ ಮಕ್ಕಳಲ್ಲಿ ಇಳಿದಿತ್ತು. ಎಲ್ಲಕ್ಕಿಂತ ಕಡಿಮೆ ಇದ್ದದ್ದು ಆ ಮಗುವಿನದು. ನಾನು ಅಲ್ಲೇ, ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಓಡಾಡುವ ಕಾರಿಡಾರಿನಲ್ಲಿ, ಗೊಳೋ ಎಂದು ಅತ್ತುಬಿಟ್ಟೆ. ಸಂತೋಷಕ್ಕೂ ಹೀಗೆ ಅಳು ಬರುತ್ತದೆಂದು ಅವತ್ತೇ ಗೊತ್ತಾದದ್ದು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧ ಮಗುಚಿ ನೋಡಿ, ಇದರಲ್ಲಿ ನಾವೀನ್ಯ ಎಲ್ಲಿದೆ, ಒಂದು ನಲ್ಲಿ, ಒಂದು ಬಿಂದಿಗೆ, ಒಂದು ದಾರ ಅಷ್ಟೇ ತಾನೇ ಎಂದು ಕೇಳಿದರು. ಅಷ್ಟೇ ಸರ್, ಇದಕ್ಕಿಂತ ಹೆಚ್ಚಾಗಿದ್ದರೆ ನಾನು ಬಸ್ಸು ಹತ್ತಿದ ಮಾರನೇ ದಿನವೇ ನಿಂತುಹೋಗುತ್ತಿತ್ತು ಎಂದೆ. ಅವರು ನಕ್ಕು, ಮುದ್ದೆ ಪ್ರಯೋಗದ ಪುಟ ತೆಗೆದು ಇದನ್ನು ಪೂರ್ತಿ ಹೇಳಿ ಎಂದರು. ಅತ್ತೆಯ ತೀರ್ಪಿನವರೆಗೂ ಹೇಳಿದೆ. ಪದವಿ ಬಂತು. ಆದರೆ ಪರೀಕ್ಷೆ ಮುಗಿದಿರಲಿಲ್ಲ, ಉತ್ತರ ಇನ್ನೂ ವಸಡಿನೊಳಗೇ ಇತ್ತು.

ಅದಕ್ಕೆ ಆರು ವರ್ಷ ಕಾದೆ. ಶಾಲೆಗೆ ವಾಪಸ್ಸಾಗಿ ಪಾಠ ಮಾಡುತ್ತ, ನಡುನಡುವೆ ಫೋನಿನಲ್ಲಿ ವಿಚಾರಿಸುತ್ತ ಇದ್ದೆ. ಅತ್ತೆಗೆ ಮಂಡಿ ಹಿಡಿದು ಬಿಂದಿಗೆ ಈಗ ಸೊಸೆಯ ಕೈಗೆ ಬಂದಿತ್ತು, ನೀರುಗಂಟಿಯ ಕೀಲಿ ಅವರ ಮಗನ ಜೇಬಿಗೆ ಹೋಗಿತ್ತು. ದಾರ ಹಳತಾದಾಗಲೆಲ್ಲ ಹೊಸದು ಕಟ್ಟುತ್ತಿದ್ದರು. ಹೋದ ವರ್ಷ ಮಗುವಿನ ಮುಂದಿನ ಎರಡು ಹಾಲುಹಲ್ಲು ಬಿದ್ದವು ಎಂಬ ಸುದ್ದಿ ಬಂದಾಗಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಒಂದು ದಿನ ಬಿಸಿಯೂಟದ ಹೆಂಗಸು ಫೋನ್ ಮಾಡಿ, “ಬಂದೈತೆ ಮೇಡಂ. ನಾ ಹೇಳಲ್ಲ, ನೀವೇ ಬಂದು ನೋಡಿ,” ಎಂದು ಇಟ್ಟುಬಿಟ್ಟರು.

ಭಾನುವಾರ ಮೊದಲ ಬಸ್ಸಿಗೆ ಹೋದೆ. ಅದೇ ಜಗಲಿ. ಮಗು ಈಗ ಎರಡನೇ ತರಗತಿ, ನನ್ನನ್ನು ಡಬ್ಬಿ ಮೇಡಂ ಎನ್ನುತ್ತಾಳೆ. ಮೊಬೈಲಿನ ಟಾರ್ಚು ಹಾಕಿದೆ. ಬಾಯಿ ತೆರೆದಳು. ಮೇಲಿನ ಸಾಲಿನ ನಡುವೆ ಎರಡು ಹಲ್ಲು, ಹೊಸ ಹಲ್ಲಿಗೆ ಇರುವಂತೆ ಅಂಚು ಗರಗಸವಾಗಿ, ತುಸು ದೊಡ್ಡದಾಗಿ. ಟಾರ್ಚನ್ನು ಹತ್ತಿರ ತಂದೆ, ಓರೆ ಮಾಡಿದೆ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ನೋಡಿದೆ. ಗೆರೆಯಿಲ್ಲ, ಚುಕ್ಕೆಯಿಲ್ಲ. ಹಾಲಿನ ಬಿಳುಪು. ಒಳಗಿನಿಂದ ಅತ್ತೆ ಕೂಗಿ ಏನಾಯಿತೆಂದು ಕೇಳಿದರು, ನಾನು ಟಾರ್ಚು ಆರಿಸಿ ಬೆಳ್ಳಗಿದೆ ಎಂದೆ.

ಹದಿನೇಳು ತುಂಬಿದ ಅಕ್ಕ ಫೋಟೊ ತೆಗೆಯೋಣ ಎಂದು ನಮ್ಮಿಬ್ಬರ ನಡುವೆ ಬಂದು ಕೂತು ಕೈ ಉದ್ದ ಚಾಚಿದಳು. ಆ ಹೊತ್ತಿಗೆ ತಂಗಿ, ಡಬ್ಬಿ ಮೇಡಂ ಇವತ್ತು ಡಬ್ಬಿ ತಂದಿಲ್ಲವಾ ಎಂದು ಕೇಳಿದಳು. ಆ ಫೋಟೊ ನನ್ನ ಶಾಲೆಯ ಮೇಜಿನ ಗಾಜಿನ ಕೆಳಗಿದೆ. ಅದರಲ್ಲಿ ಒಬ್ಬಳ ಹಲ್ಲು ಬಿಳಿ, ಇನ್ನಿಬ್ಬರದು ಕಂದು, ಮೂವರೂ ಬಾಯಿ ತುಂಬ ನಗುತ್ತಿದ್ದೇವೆ, ಯಾರ ಕೈಯೂ ಬಾಯಿಯ ಹತ್ತಿರ ಇಲ್ಲ.